ಸಿಲೋನಿನಲ್ಲಿ ಗಿಡವಿಲ್ಲದ ಹೂವು

ಹೊಳೆನರಸೀಪುರ

ನಮ್ಮ ಪೇಟೆಬೀದಿಯಲ್ಲಿ ಸಿಲೋನಿಗೆ ಹೋಗಿಬಂದವಳು ನಾನೊಬ್ಬಳೇ. ಜನ ಅಂಗಡಿಗೆ ಬರುತ್ತಾರೆ, ಪಾವು ಬೇಳೆ ಕಟ್ಟಿಸಿಕೊಳ್ಳುತ್ತಾರೆ, ಆಮೇಲೆ ಮೆಲ್ಲಗೆ ರಾವಣನ ಅರಮನೆ ನೋಡಿದೆಯಾ ಎಂದು ಕೇಳುತ್ತಾರೆ. ನೋಡಲಿಲ್ಲ. ನಾನು ನೋಡಿದ್ದು ಒಂದು ಮನೆ, ಒಂದು ಕೊಟ್ಟಿಗೆ, ಒಂದು ಹಲಸಿನ ಮರ. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಬಾಯಿ ನೊಂದಿದೆ. ಬರೆದಿಟ್ಟರೆ ಬೇಕಾದವರು ಓದಿಕೊಳ್ಳಲಿ. ಪೊಟ್ಟಣದ ಮೇಲೆ ಸಾಮಾನಿನ ಹೆಸರು ಬರೆದು ಕಲಿತ ಅಕ್ಷರ ನನ್ನದು, ತಪ್ಪಿದ್ದರೆ ತಿದ್ದಿಕೊಳ್ಳಿ.

ನಾನು ಹೋದದ್ದು ನನ್ನ ತಮ್ಮ ರುದ್ರಪ್ಪನನ್ನು ಕರೆದುಕೊಂಡು ಬರುವುದಕ್ಕೆ. ಚನ್ನರಾಯಪಟ್ಟಣದ ತವರಿನಲ್ಲಿ ಅವನು ಹುಟ್ಟಿದಾಗ ನನಗೆ ಮದುವೆಯಾಗಿ ವರ್ಷಗಳಾಗಿದ್ದವು. ತವರಿಗೆ ಹೋದಾಗಲೆಲ್ಲ ನನ್ನ ಸೊಂಟದ ಮೇಲೇ ಬೆಳೆದ. ಮೈಸೂರಿನಲ್ಲಿ ರಸಾಯನ ಓದಿದ. ರಸಾಯನ ಎಂದರೆ ಬಾಳೆಹಣ್ಣಿಗೆ ಬೆಲ್ಲ ಕಲಸುವುದು ಎಂದು ನಮ್ಮಮ್ಮ ಸಾಯುವವರೆಗೂ ನಂಬಿದ್ದಳು. ಓದು ಮುಗಿಸಿ ಹೆಂಡತಿ ಗಿರಿಜೆಯ ಜೊತೆ ಸಿಲೋನಿಗೆ ಹೋದ. ಅಲ್ಲಿ ಒಬ್ಬ ಸಾಹುಕಾರ ಚಕ್ಕೆ ಮರದ ಎಲೆಯಿಂದ ಎಣ್ಣೆ ತೆಗೆಸುತ್ತಿದ್ದ. ಆ ಎಣ್ಣೆಯಿಂದ ಸೋಪಿನವರಿಗೆ ಬೇಕಾದ ಸುಗಂಧ ಮಾಡಿಕೊಡುವುದು ಇವನ ಕೆಲಸ. ಗಿರಿಜೆ ಅಲ್ಲೇ ಜ್ವರ ಬಂದು ಸತ್ತಳು. ಅದಾದ ಮೇಲೆ ಇವನು ಊರಿನ ಕಡೆ ತಲೆ ಹಾಕಲಿಲ್ಲ.

ಸುದ್ದಿ ತಂದವನು ಅರಕಲಗೂಡಿನ ತಮ್ಮೇಗೌಡ. ರಾಮನಾಥಪುರದ ಕಡೆಯ ಹೊಗೆಸೊಪ್ಪನ್ನು ಕೊಲಂಬೋವರೆಗೂ ಒಯ್ದು ಮಾರುವ ಮನುಷ್ಯ. ಅಂಗಡಿ ಜಗಲಿಯ ಮೇಲೆ ಕೂತು ಹೇಳಿದ:

"ನಿಮ್ ತಮ್ಮುನ್ನ ನೋಡ್ಕಂಡ್ ಬಂದೆ ಕಣವ್ವ. ಉಣ್ತಾನೆ, ಮಾತಾಡ್ತಾನೆ, ನಗ್ತಾನೆ. ಎಲ್ಲಾ ಅಂಗೇ ಅದೆ. ಆದ್ರೆ ಒಳ್ಗೆ ಏನೋ ಒಂದು ಜಾಗ ಬುಟ್ಟು ಸರ್ಕಬುಟ್ಟದೆ."

"ಏನು ಸರೀತು? ಸರಿಯಾಗಿ ಹೇಳು ಗೌಡ."

"ಅದು ಗೊತ್ತಾಗಿದ್ರೆ ಯೋಳ್ತಿರ್ನಿಲ್ವ? ಅಕ್ಕುನ್ನ ಕರ್ಕಂಡ್ ಬಾ ಅಂತ ಅವ್ನೇ ಅಂದ. ನಾ ತಿರ್ಗ ಓಯ್ತಾ ಇವ್ನಿ, ಬರೋದಾದ್ರೆ ಗಂಟು ಕಟ್ಟು."

ಅಂಗಡಿಯನ್ನು ಓರಗಿತ್ತಿಗೆ ಒಪ್ಪಿಸಿದೆ. ರಾಗಿಹಿಟ್ಟು, ಹುರಳಿಕಾಳು, ಚಟ್ನಿಪುಡಿ, ನನ್ನದೇ ಒಂದು ಪಾತ್ರೆ ಕಟ್ಟಿಕೊಂಡೆ. ಎಲೆಅಡಿಕೆ ಚೀಲವನ್ನೂ ಲವಂಗದ ಡಬ್ಬಿಯನ್ನೂ ಸೊಂಟಕ್ಕೆ ಸಿಕ್ಕಿಸಿದೆ. ನಮ್ಮಲ್ಲಿ ಎಲೆ ಮಡಿಚಿ ಲವಂಗ ಚುಚ್ಚಿಯೇ ಬಾಯಿಗೆ ಹಾಕುವುದು. ಎಲೆಅಡಿಕೆ ಕರಗಿಹೋದ ಮೇಲೂ ಲವಂಗ ದವಡೆಯಲ್ಲಿ ಉಳಿಯಬೇಕು. ಗಿರಾಕಿಯ ಎದುರು ಕೂತವರ ಬಾಯಿ ನಾರಬಾರದು ಎಂದು ತವರಿನಲ್ಲೂ ಹೀಗೇ, ಗಂಡನ ಮನೆಯಲ್ಲೂ ಹೀಗೇ. ಮಲಗುವಾಗ ಉಗಿದು, ಎದ್ದ ಮೇಲೆ ಇನ್ನೊಂದು. ಕೈಗೆ ಬಳೆ ಇದ್ದಂತೆ ಬಾಯಿಗೆ ಲವಂಗ. ಯಾರೂ ಅದನ್ನು ಗಮನಿಸುವುದೇ ಇಲ್ಲ.

ಮಂಡಪಂ

ರೈಲುಗಳನ್ನು ಬದಲಾಯಿಸುತ್ತಾ ಬಂದು ಸಮುದ್ರದ ಬಾಯಿಗೆ ಬಿದ್ದೆವು. ಸಿಲೋನಿಗೆ ಹೋಗುವ ಬಡವರನ್ನು ಮಂಡಪಂ ಎಂಬ ಮರಳಿನ ಊರಿನಲ್ಲಿ ಇಳಿಸಿ, ಕಾಯಿಲೆ ಗೀಯಿಲೆ ಇದೆಯೇ ಎಂದು ನೋಡಲು ಕೂಡಿಹಾಕುತ್ತಾರೆ. ದನದ ಪರಿಷೆಯಲ್ಲಿ ಎತ್ತಿನ ಹಲ್ಲು ನೋಡಿದಂತೆ ನಮ್ಮ ಬಾಯಿ ನೋಡಿದರು. ಸೀರೆಗಳನ್ನು ಹಬೆಯಲ್ಲಿ ಬೇಯಿಸಿಕೊಟ್ಟರು. ಕೆಂಪು ಸೀರೆ ಕಂದು ಬಣ್ಣವಾಗಿ ಬಂತು.

ಒಬ್ಬ ಆಫೀಸರು ನನ್ನ ಕೊರಳಿನ ಬೆಳ್ಳಿ ಕರಡಿಗೆಯನ್ನು ಬಿಚ್ಚಿ ತೋರಿಸು ಎಂದ. ಒಳಗೆ ಲಿಂಗವಿದೆ. ಪೂಜೆಯ ಹೊತ್ತಿಗಲ್ಲದೆ ಬಿಚ್ಚುವುದಿಲ್ಲ.

"ಬಿಚ್ಚಲ್ಲ" ಎಂದೆ.

"ಸಾ, ಅದು ದ್ಯಾವ್ರು ಸಾ" ಎಂದು ಗೌಡ ಕೈ ಮುಗಿದ. "ಅವ್ವುಂಗೆ ಕ್ವಾಪ ಬತ್ತದೆ ಸಾ. ಕ್ವಾಪ ಬಂದ್ರೆ ನಮ್ಗೂ ಕಷ್ಟ, ನಿಮ್ಗೂ ಕಷ್ಟ."

ಆಫೀಸರಿಗೆ ಕನ್ನಡ ಬರದಿದ್ದರೂ ನನ್ನ ಮುಖ ಅರ್ಥವಾಯಿತು. ಬಿಟ್ಟ. ಬಿಟ್ಟ ಸಿಟ್ಟನ್ನು ಚೀಲದ ಮೇಲೆ ತೀರಿಸಿಕೊಂಡ. ಹಸಿ ಎಲೆ ಆಚೆ ದಡಕ್ಕೆ ಹೋಗಕೂಡದು ಎಂದು ವೀಳ್ಯದೆಲೆಯನ್ನೆಲ್ಲಾ ಕಿತ್ತು ಎಸೆದ. ಲವಂಗದ ಡಬ್ಬಿಯನ್ನು ಮೂಸಿ ನೋಡಿ ವಾಪಸು ಕೊಟ್ಟ. ಅದನ್ನೂ ಎಸೆದಿದ್ದರೆ ಈ ಕಥೆ ಅರ್ಧ ಆಗುತ್ತಿತ್ತು.

ಹಡಗು

ಸಮುದ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಹೇಮಾವತಿ ಎಲ್ಲಿಗೋ ಹೋಗುತ್ತಿರುತ್ತದೆ. ದಡದಲ್ಲಿ ನಿಂತವರಿಗೆ ಅದೊಂದು ಧೈರ್ಯ. ಸಮುದ್ರ ಎಲ್ಲಿಗೂ ಹೋಗುವುದಿಲ್ಲ, ನಿಂತಲ್ಲೇ ಅಲ್ಲಾಡುತ್ತದೆ. ಅಷ್ಟು ದೊಡ್ಡದು ಹಾಗೆ ಸುಮ್ಮನೆ ಅಲ್ಲಾಡುವುದು ನನಗೆ ಸರಿಬರಲಿಲ್ಲ. ಗೌಡ ಕಂಬಿ ಹಿಡಿದು ವಾಂತಿ ಮಾಡುತ್ತಾ, "ಅರಕಲಗೂಡಲ್ಲಿ ಉಟ್ಟಿದ್ ತೆಪ್ಪಿಗೆ ಇದು ಬೇಕಾ ಕಣವ್ವ" ಎಂದು ಅಳುತ್ತಿದ್ದ. ಒಂದು ಲವಂಗ ಕೊಟ್ಟೆ. ನಿಂತಿತು.

ಅಂಬಲಂಗೊಡೆ

ಕೊಲಂಬೋದಲ್ಲಿ ಗೌಡ ನನ್ನನ್ನು ಇನ್ನೊಂದು ರೈಲಿಗೆ ಹತ್ತಿಸಿದ. ವಾಪಸು ಹೋಗುವಾಗ ಬಂದು ಕರೆದೊಯ್ಯುತ್ತೇನೆ ಎಂದು ಹೇಳಿ ತನ್ನ ವ್ಯಾಪಾರಕ್ಕೆ ಹೋದ. ರೈಲು ಸಮುದ್ರದ ಪಕ್ಕದಲ್ಲೇ ಓಡಿ ಅಂಬಲಂಗೊಡೆಯಲ್ಲಿ ನಿಂತಿತು. ರುದ್ರ ನಿಂತಿದ್ದ. ತಲೆಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಬಂದ್ಯಾ ಅಕ್ಕ."

"ಬಂದಿಲ್ದೆ? ನನ್ ದೆವ್ವ ಬಂದಿದೆ ಅನ್ಕೊಂಡ್ಯಾ?"

ನಕ್ಕ. ಗೌಡ ಹೇಳಿದ್ದು ನಿಜ, ಕೂದಲೊಂದು ಬಿಟ್ಟರೆ ಎಲ್ಲಾ ಹಾಗೇ ಇತ್ತು.

ಆ ಊರಿನವರು ಮರದಲ್ಲಿ ದೆವ್ವದ ಮುಖ ಕೆತ್ತುತ್ತಾರೆ. ಬಣ್ಣ ಬಳಿದು ಬೇಲಿಯ ಗೂಟಗಳಿಗೆ ಸಿಕ್ಕಿಸಿ ಒಣಗಲು ಬಿಟ್ಟಿದ್ದರು. ದಾರಿಯುದ್ದಕ್ಕೂ ಮೈಯಿಲ್ಲದ ಮುಖಗಳು ಹಲ್ಲು ಕಿರಿಯುತ್ತಿದ್ದವು. ಒಂದೊಂದು ಕಾಯಿಲೆಗೂ ಒಂದೊಂದು ದೆವ್ವವಂತೆ. ಕುರುಡಿಗೆ ಒಂದು, ಕಿವುಡಿಗೆ ಒಂದು, ಚಳಿಜ್ವರಕ್ಕೆ ಒಂದು. ಕಾಯಿಲೆ ಬಂದಾಗ ಆ ಮುಖ ಕಟ್ಟಿಕೊಂಡು ಕುಣಿದು ಅದನ್ನು ಓಡಿಸುತ್ತಾರೆ. ನಮ್ಮಲ್ಲಿ ಮಾರಮ್ಮ ಒಬ್ಬಳೇ ಎಲ್ಲವನ್ನೂ ನೋಡಿಕೊಳ್ಳುತ್ತಾಳೆ. ಇಲ್ಲಿ ಬೇರೆ ಬೇರೆ ಇಲಾಖೆ.

ದಾರಿಯಲ್ಲಿ ರುದ್ರ ಚಕ್ಕೆ ಮರ ತೋರಿಸಿದ. ಮರ ಎನ್ನುವುದಕ್ಕಿಂತ ಪೊದೆ. ಅಂಗಡಿಯಲ್ಲಿ ಇಷ್ಟು ವರ್ಷ ಚಕ್ಕೆ ಮಾರಿದವಳು ಮರವನ್ನು ಅವತ್ತೇ ನೋಡಿದ್ದು. ಒಂದೇ ಮರಕ್ಕೆ ಮೂರು ವಾಸನೆ ಎಂದ ರುದ್ರ. ತೊಗಟೆಗೆ ಚಕ್ಕೆಯದು, ಎಲೆಗೆ ಲವಂಗದ್ದು, ಬೇರಿಗೆ ಕರ್ಪೂರದ್ದು. ಕೈತುಂಬಾ ಗಂಟಿದ್ದದ್ದರಿಂದ ನಾನು ಎಲೆ ಮೂಸಲಿಲ್ಲ. ಯಾರೋ ಕಿತ್ತುಹಾಕಿದ್ದ ಬೇರನ್ನು ಅವನು ಎತ್ತಿ ಮೂಗಿಗೆ ಹಿಡಿದ. ನಿಜಕ್ಕೂ ಕರ್ಪೂರ. ಮಣ್ಣಿನ ಕೆಳಗಿನಿಂದ ಮಂಗಳಾರತಿಯ ವಾಸನೆ ಬಂದದ್ದು ನನಗೆ ಹಿಡಿಸಲಿಲ್ಲ.

ರುದ್ರನ ಮನೆ

ಮಟಮಟ ಮಧ್ಯಾಹ್ನ ಮನೆ ಮುಟ್ಟಿದೆವು. ತೆಂಗಿನ ಗರಿ ಹೊದಿಸಿದ ಮನೆ, ಹಿಂದೆ ಕೆಲಸದ ಕೊಟ್ಟಿಗೆ, ಅದರಾಚೆ ಒಂದು ಹಲಸಿನ ಮರ. ಹೊಸ್ತಿಲು ದಾಟಿದ ಕೂಡಲೇ ಹೂವಿನ ವಾಸನೆ ಬಂತು. ಮಲ್ಲಿಗೆಯಲ್ಲ, ಸಂಪಿಗೆಯಲ್ಲ, ನಾನು ಹೆಸರು ಬಲ್ಲ ಯಾವ ಹೂವೂ ಅಲ್ಲ. ಸಿಹಿ, ಸ್ವಲ್ಪ ಬೆಚ್ಚಗೆ.

"ಯಾವ ಹೂವ ಇಟ್ಟಿದ್ದೀಯ?" ಎಂದೆ.

ರುದ್ರ ಗಕ್ಕನೆ ನಿಂತ. "ಹೂವಾ? ಈ ಮನೇಲಿ ಹೂವಿಲ್ಲ ಅಕ್ಕ. ಗಿರಿಜೆ ಹೋದ ಮೇಲೆ ತಂದಿಲ್ಲ."

ಅಡಿಗೆಯ ಹೆಂಗಸು ಪೊಡಿಮೆಣಿಕೆ ಒಳಗಿನಿಂದ ಬಂದಳು. ಸಿಂಹಳದವಳು, ನನ್ನ ವಯಸ್ಸಿನವಳು. ಅವಳಿಗೆ ಬರುವ ಅರ್ಧ ತಮಿಳು, ನನಗೆ ಬರುವ ಸಂತೆ ತಮಿಳು ಸೇರಿ ಒಂದು ಮಾತಾಗುತ್ತಿತ್ತು. ಅವಳು ಗಾಳಿಯನ್ನು ಮೂಸಿದಳು. "ಹೂವಿಲ್ಲ ಅಮ್ಮಾ. ಕರಾಂಬು" ಎಂದಳು. ಕರಾಂಬು ಎಂದರೆ ಲವಂಗ. ನನ್ನ ಬಾಯಲ್ಲಿರುವುದನ್ನು ಹೇಳುತ್ತಿದ್ದಾಳೆ ಎಂದುಕೊಂಡು ಗಂಟು ಇಳಿಸಿದೆ.

ಆ ಹೂವು ಮನೆಯಲ್ಲಿ ಓಡಾಡುತ್ತಿತ್ತು. ಬಾಗಿಲ ಚೌಕಟ್ಟಿನಲ್ಲಿ ಇತ್ತು. ಬಾವಿಹಗ್ಗದಲ್ಲಿ ಇತ್ತು. ರುದ್ರನ ಅಂಗಿಯ ತೋಳಿನಲ್ಲಿ ಇತ್ತು. ಗಿರಿಜೆಯ ಪೆಟ್ಟಿಗೆಯ ಮೇಲೆ ಕೈಯಿಟ್ಟರೆ ಕೈಗೆ ಅಂಟಿಕೊಳ್ಳುತ್ತಿತ್ತು. ಕೇಳಿದರೆ ಯಾರಿಗೂ ಇಲ್ಲ, ನನಗೊಬ್ಬಳಿಗೆ. ದೆವ್ವಗಿವ್ವ ನಂಬುವವಳಲ್ಲ ನಾನು. ಆದರೆ ಯಾರೂ ಮುಡಿಯದ ಹೂವು ನನ್ನ ಬೆನ್ನ ಹಿಂದೆ ಹಾದುಹೋದಾಗ ಎರಡು ಸಲ ತಿರುಗಿ ನೋಡಿದೆ.

ಒಂದು ಮಧ್ಯಾಹ್ನ, ರುದ್ರ ಕೊಟ್ಟಿಗೆಯಲ್ಲಿದ್ದಾಗ, ಅದು ಎಲ್ಲಿ ಹುಟ್ಟುತ್ತದೆ ನೋಡೇ ಬಿಡೋಣ ಎಂದು ಹಿಂಬಾಲಿಸಿದೆ. ಹಲಸಿನ ಮರದ ಬುಡಕ್ಕೆ ಬಂದೆ. ಅಲ್ಲಿ ಮಣ್ಣಿನ ದಿಬ್ಬ, ಅದರ ಮೇಲೆ ವಿಭೂತಿಯ ಮೂರು ಗೆರೆ. ವಾಸನೆ ಆ ಮಣ್ಣಿನೊಳಗಿನಿಂದ ಬರುತ್ತಿತ್ತು. ಬಿಸಿಲು ಸುಡುತ್ತಿತ್ತು, ಒಂದು ಎಲೆ ಅಲ್ಲಾಡುತ್ತಿರಲಿಲ್ಲ.

ಹಿಂದಿನಿಂದ ಪೊಡಿಮೆಣಿಕೆ, "ಅಲ್ಲಿ ಜಾಸ್ತಿ ನಿಲ್ಲಬೇಡ" ಎಂದಳು. "ನಿಮ್ಮ ಹುಡುಗಿ ಅಲ್ಲಿದ್ದಾಳೆ. ನಾವು ಮಲಗಿಸಿ ಹೂಳುತ್ತೇವೆ. ನಿನ್ನ ತಮ್ಮ ಕೂರಿಸಿ ಹೂತ. ಮಲಗಿದವರು ಏಳುವುದು ಕಷ್ಟ. ಕೂತವರಿಗೆ ಏನು, ಎದ್ದುಬಿಡಬಹುದು."

ನಮ್ಮವರ ಪದ್ಧತಿಯೇ ಅದು. ಅಂಗೈಯಲ್ಲಿ ಲಿಂಗವಿಟ್ಟು ಕೂರಿಸಿ ಮಣ್ಣು ಕೊಡುತ್ತೇವೆ. ಎಷ್ಟೋ ಜನಕ್ಕೆ ಕೊಟ್ಟದ್ದನ್ನು ನೋಡಿದ್ದೇನೆ, ಒಂದು ದಿನವೂ ಹೀಗೆ ಯೋಚಿಸಿರಲಿಲ್ಲ. ಅವತ್ತಿನಿಂದ ಆ ಮರದ ಕಡೆ ನೋಡಿದಾಗೆಲ್ಲ ಗಿರಿಜೆ ಮಣ್ಣಿನ ಕೆಳಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುವುದು ಕಾಣುತ್ತಿತ್ತು.

ಊಟದ ಎಲೆ

ಮರುದಿನ ಊಟಕ್ಕೆ ಕೂತೆವು. ಮೊದಲ ತುತ್ತಿಗೇ ನಾನು ಉಗಿದೆ. ಪೊಡಿಮೆಣಿಕೆ ಅವತ್ತು ಬಂದಿರಲಿಲ್ಲ, ರುದ್ರನೇ ಸೀಮೆಎಣ್ಣೆ ಡಬ್ಬಿಯಲ್ಲಿ ನೀರು ಸೇದಿ ಅನ್ನ ಮಾಡಿದ್ದ. ತಲೆ ಎತ್ತಿ ನೋಡಿದರೆ ರುದ್ರ ಅರ್ಧ ಎಲೆ ಖಾಲಿ ಮಾಡಿದ್ದ.

"ಲೋ, ಸೀಮೆಎಣ್ಣೆ ಕಣ್ಲಾ ಅದು!"

ಅವನ ಕೈ ನಿಂತಿತು. ಅನ್ನ ನೋಡಿದ, ನನ್ನ ನೋಡಿದ. ಆಮೇಲೆ ಹೇಳಿದ. ಗಿರಿಜೆ ಸತ್ತ ಹೊಸದರಲ್ಲಿ ಕೊಟ್ಟಿಗೆಯಲ್ಲಿ ಆಸಿಡ್ಡಿನ ಜಾಡಿ ಒಡೆಯಿತಂತೆ. ಬಾಗಿಲು ಹಾಕಿತ್ತು, ಹೊಗೆ ಕುಡಿದ. ಜೀವ ಉಳಿಯಿತು, ಮೂಗು ಸತ್ತಿತು. ಅವತ್ತಿನಿಂದ ಅವನಿಗೆ ಯಾವ ವಾಸನೆಯೂ ಇಲ್ಲ.

"ವಾಸನೆ ಮಾಡೋ ಕೆಲಸದವನಿಗೆ ಮೂಗೇ ಇಲ್ಲ" ಎಂದೆ. "ಮುದಲಾಳಿಗೆ ಗೊತ್ತಾ?" ಮುದಲಾಳಿ ಎಂದರೆ ಅಲ್ಲಿ ಸಾಹುಕಾರ.

"ಗೊತ್ತಾದ್ರೆ ಅವತ್ತೇ ಮನೆ ಬಿಡಿಸ್ತಾನೆ. ಸೋಪಿನ ಕಂಪನಿಯವನನ್ನ ಕರ್ಕೊಂಡು ಬರ್ತಾನೆ ಸದ್ಯದಲ್ಲೇ. ಅಷ್ಟರೊಳಗೆ ಎಣ್ಣೆ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಈ ಜಾಗದಲ್ಲಿ ಚಕ್ಕೆ ಹಾಕ್ತಾನಂತೆ. ಆ ಮರ ಕಡ್ದು, ಬುಡ ಅಗೆದು."

"ಅಗೆದು" ಎನ್ನುವಾಗ ಅವನು ಕಿಟಕಿಯ ಕಡೆ ನೋಡಲಿಲ್ಲ. ನಾನು ನೋಡಿದೆ.

"ಅದಕ್ಕೇ ನನ್ನ ಕರೆಸಿದ್ದು ನೀನು. ಮೂಗಿಗೆ."

"ಹೂಂ ಅಕ್ಕ. ಮುಟ್ಟದೇನೇ ಇಂಗು ಒಳ್ಳೇದಾ ಕೆಟ್ಟದ್ದಾ ಹೇಳೋಳು ನೀನು."

"ನಾನು ಬಂದಿದ್ದು ನಿನ್ನ ಊರಿಗೆ ಕರ್ಕೊಂಡು ಹೋಗಕ್ಕೆ. ಗಂಟು ಕಟ್ಟು, ಹೋಗೋಣ."

"ಅವಳನ್ನ ಕಿತ್ಕೊಂಡು ಬರೋಕಾಗ್ತದಾ?" ಎಂದ. ನಾನು ಎದ್ದೆ. ಎಲೆ ಎತ್ತಿ ಹೊರಗೆ ಹಾಕಿದೆ. ಕಾಗೆಯೂ ಮುಟ್ಟಲಿಲ್ಲ.

ಕೊಟ್ಟಿಗೆ

ಕೊಟ್ಟಿಗೆಯಲ್ಲಿ ಏನು ಮಾಡುತ್ತಾನೆ ಎಂದು ತಿಳಿಯದೆ ನಾನು ಏನನ್ನು ಮೂಸಲಿ? ತಿಳಿಸು ಎಂದೆ. ಅವನು ಗಿರಿಜೆಯ ಪೆಟ್ಟಿಗೆ ತೆಗೆದು ಒಂದು ಗಾಜಿನ ಬಳೆಯನ್ನೂ ಅವಳ ತಾಳಿಸರದ ಮೂರು ಕರಿಮಣಿಯನ್ನೂ ತಂದ. ಬೇರೆ ಏನೂ ಸಿಗಲಿಲ್ಲವೇನೋ ಮಹಾರಾಯನಿಗೆ.

ಬಳೆಗೆ ಬಾಲದಂತೆ ಮೂರು ಮಣಿಯನ್ನು ಸಾಲಾಗಿ ಕಟ್ಟಿದ. ಬಳೆಗೂ ಮೊದಲ ಮಣಿಗೂ ಒಂದೆಳೆ ದಾರ. ಮೊದಲನೆಯದಕ್ಕೂ ನಡುವಿನದಕ್ಕೂ ಒಂದೆಳೆ. ನಡುವಿನದಕ್ಕೂ ತುದಿಯದಕ್ಕೂ ಮಾತ್ರ ಎರಡೆಳೆ.

"ಇದು ಲವಂಗದ ವಾಸನೆ. ಕಣ್ಣಿಗೆ ಕಾಣದಷ್ಟು ಸಣ್ಣಕ್ಕೆ ಎಣ್ಣೆ ತುಂಬ ಇದೇ ಇರೋದು. ಈಗ ನೋಡು." ತುದಿಯ ಜೋಡಿ ಎಳೆಯಲ್ಲಿ ಒಂದನ್ನು ಬಿಚ್ಚಿ, ಮೊದಲ ಮಣಿಗೂ ನಡುವಿನದಕ್ಕೂ ಕಟ್ಟಿದ. ಜೋಡಿ ಒಂದು ಮನೆ ಒಳಕ್ಕೆ, ಬಳೆಯ ಪಕ್ಕಕ್ಕೆ ಬಂತು. "ಇದು ಹೂವು."

"ಏನು ಹಾಕ್ದೆ?"

"ಏನೂ ಹಾಕ್ಲಿಲ್ಲ, ಏನೂ ತೆಗೀಲಿಲ್ಲ. ಧೂಳಿಗಿಂತ ಸಣ್ಣದೊಂದು ಚೂರು ಈ ಮೊದಲ್ನೇ ಮಣಿಯಿಂದ ತುದಿ ಮಣಿಗೆ ಎಗರ್ತದೆ, ಅಷ್ಟೆ. ತೂಗಿದ್ರೆ ಅದೇ ತೂಕ."

"ಅದೇ ಸರಕು, ಅದೇ ತೂಕ, ಮೂಸಿದ್ರೆ ಬೇರೆಯವರು. ಅಂಗಡೀಲಿ ಇದನ್ನ ಕಲಬೆರಕೆ ಅಂತಾರೆ."

"ಬೆರೆಸೋಕೆ ಏನೂ ಇಲ್ವಲ್ಲಕ್ಕ ಇದರಲ್ಲಿ."

ಅದೇ ನನಗೆ ಹೆದರಿಕೆಯಾದದ್ದು. ಬೆರೆಸಿದ್ದರೆ ಸೋಸಿ ತೆಗೆಯಬಹುದು.

"ಮತ್ತೆ ಹಿಂದಕ್ಕೆ ಹೋಗಲ್ವಾ?"

"ಬಳೆ ಪಕ್ಕ ಆ ಜೋಡಿ ಎಳೆಗೆ ನೆಮ್ಮದಿ. ಒಂದ್ಸಲ ಒಳಕ್ಕೆ ಬಂದ್ರೆ ಹೊರಗೆ ಹೋಗೋದು ಕಮ್ಮಿ. ಆದ್ರೆ ತಾನಾಗಿ ಬರಲ್ಲ. ಸೋಪು ಮಾಡೋ ಕಾಸ್ಟಿಕ್ಕಿನಲ್ಲಿ ಹಾಕಿ, ಒಗ್ಗರಣೆ ಎಣ್ಣೆಗಿಂತ ಜೋರಾಗಿ ಕಾಯಿಸ್ಬೇಕು. ಕಾಯಿಸಿದ್ದು ಸಾಲ್ದಿದ್ರೆ ಅರ್ಧ ಲವಂಗ ಹಂಗೇ ಉಳೀತದೆ."

"ಅಷ್ಟು ಓದಿದೀಯ. ಮೂಗಿಲ್ದೆ ತಿಳ್ಯೋ ಉಪಾಯ ಇಲ್ವಾ?"

"ಮುಕ್ಕಾಲು ಪಾಲು ಸಲಕರಣೆ ಹೇಳ್ತದೆ ಅಕ್ಕ. ಉಳಿದ ಕಾಲು ಮೂಗೇ ಹೇಳ್ಬೇಕು. ಕೊಂಡ್ಕೊಳ್ಳೋನು ಮೂಸಿ ತಾನೆ ಕೊಂಡ್ಕೊಳ್ಳೋದು."

ಅವನು ಮಾಡುವುದನ್ನು ಬಾಗಿಲಲ್ಲಿ ಕೂತು ನೋಡಿದೆ. ಎಲೆಯೆಣ್ಣೆ ನೀರಿಗೆ ಬಿದ್ದರೆ ತೇಲುವುದಿಲ್ಲ, ಮುಳುಗುತ್ತದೆ. ಮುಳುಗುವ ಎಣ್ಣೆಯನ್ನು ಅಲ್ಲೇ ಕಂಡದ್ದು. ಕಾಸ್ಟಿಕ್ಕಿಗೆ ಹಾಕಿ ಕಲಕಿದರೆ ವಾಸನೆ ಸತ್ತುಹೋಗುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಅದು ಕಾದು ಕಂದುಬಣ್ಣದ ಗಂಜಿಯಾಗುತ್ತದೆ. ಆರಿದ ಮೇಲೆ ನೀರಲ್ಲಿ ಕರಗಿಸಿ ಆಸಿಡ್ಡು ಸುರಿಯುತ್ತಾನೆ. ಆಗ ಸತ್ತ ವಾಸನೆ ಮತ್ತೆ ಏಳುತ್ತದೆ. ಏಳುವುದು ಸತ್ತವನೇ ಅಥವಾ ಇನ್ನೊಬ್ಬನೇ ಎಂದು ಹೇಳುವುದು ನನ್ನ ಕೆಲಸ.

ಬಟ್ಟೆಚೂರನ್ನು ಅದ್ದಿ ಕೊಟ್ಟ. ಮೂಸಿದೆ. ಮನೆಯಲ್ಲಿ ಓಡಾಡುತ್ತಿದ್ದ ಅದೇ ಹೂವು. ಸಮಾಧಾನವಾಯಿತು. ಅದು ಗಿರಿಜೆಯಲ್ಲ, ಈ ಎಣ್ಣೆ.

"ಇದೇ ಹ್ಯಾಗೆ ಆ ಮಣ್ಣಿಗೆ ಬಂತು?" ಎಂದೆ.

ಅವನು ಪಾತ್ರೆ ತೊಳೆಯುತ್ತಾ ಹೇಳಿದ. "ಎಲೆಯಿಂದ ಹೂವು ಮಾಡಿ ಕೊಡ್ತೀನಿ ಅಂದಿದ್ದೆ ಅವಳಿಗೆ. ನಂಗೆ ಆಗಿದ್ಯೋ ಇಲ್ವೋ ಗೊತ್ತಾಗಲ್ಲ. ಪ್ರತಿಸಲ ಒಂದು ಚೂರು ಅಲ್ಲಿ ಸುರೀತೀನಿ. ಅವಳಿಗಾದ್ರೂ ಗೊತ್ತಾಗ್ಲಿ ಅಂತ." ಆಮೇಲೆ ಕೇಳಿದ, "ಲವಂಗ ಅದಾ ಅಕ್ಕ?"

"ಒಂದು ಚೂರೂ ಇಲ್ಲ" ಎಂದೆ.

ಅವನ ಮುಖ ನಾನು ಎತ್ತಿ ಆಡಿಸಿದ ಕಾಲದ್ದಾಯಿತು. ಸೀಸೆ ತುಂಬಿ ಬಿರಡೆ ಹಾಕಿದ.

ಪೊಡಿಮೆಣಿಕೆಯ ಜಗಳ

ಬಟ್ಟೆಚೂರು ಒಲೆಯ ಹತ್ತಿರ ಬಿದ್ದಿತ್ತು. ಪೊಡಿಮೆಣಿಕೆ ಅದನ್ನು ಮೂಸಿ ಗೊಳ್ಳನೆ ನಕ್ಕಳು.

"ಹೂವಂತೆ! ಬರೀ ಕರಾಂಬು. ಎಂದಿನದೇ ಕರಾಂಬು."

"ಒಣಮೀನು ತಿಂದು ನಿನ್ನ ಮೂಗು ಕೆಟ್ಟಿದೆ" ಎಂದೆ.

"ನಿನ್ನದು?" ಎಂದು ಅವಳು ನನ್ನ ಕೆನ್ನೆಗೆ ಬೆರಳಿಟ್ಟಳು. ಲವಂಗ ಉಬ್ಬಿದ್ದ ಜಾಗಕ್ಕೆ ಸರಿಯಾಗಿ. "ನೀನು ರೈಲಿಳಿದು ಬಂದಾಗಿನಿಂದ ಬಾಯಲ್ಲಿ ಕರಾಂಬು ಇಟ್ಟುಕೊಂಡಿದ್ದೀ. ಕರಾಂಬಿನ ಒಳಗೆ ಕೂತವಳಿಗೆ ಹೊರಗಿನ ಕರಾಂಬು ಹೇಗೆ ಬರುತ್ತದೆ? ಉಗಿ. ನಾಲ್ಕು ದಿನ ಬಿಟ್ಟು ಮೂಸು."

ಉಗಿದೆ. ಬಾಗಿಲಲ್ಲಿ ರುದ್ರ ನಿಂತಿದ್ದ. ಅವನೂ ಲವಂಗದ ಮನೆಯಲ್ಲೇ ಹುಟ್ಟಿದವನು. ನನ್ನ ಕೆನ್ನೆ ಉಬ್ಬಿರುವುದು ಅವನಿಗೆ ಕೆನ್ನೆಯೇ ಆಗಿತ್ತು. ಮೂಗಿದ್ದಿದ್ದರೆ ನನ್ನ ಉಸಿರಿನಲ್ಲಾದರೂ ಗೊತ್ತಾಗುತ್ತಿತ್ತು, ಅದೂ ಇರಲಿಲ್ಲ. ತಮ್ಮ ಮೂಗಿಲ್ಲದವನು, ಅಕ್ಕ ಮೂಗು ಕಟ್ಟಿಕೊಂಡವಳು. ಇಬ್ಬರೂ ಸೇರಿ ವಾಸನೆ ಪರೀಕ್ಷೆ ಮಾಡಿದ್ದೆವು.

ಮೊದಲೆರಡು ದಿನ ಬಾಯಿ ಬೋಳಾಗಿ, ಕೈ ಸುಮ್ಮಸುಮ್ಮನೆ ಡಬ್ಬಿಗೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ಎದ್ದರೆ ಮನೆ ತುಂಬಾ ಲವಂಗ. ಗೋಡೆ ಲವಂಗ, ದಿಂಬು ಲವಂಗ, ಬಾವಿನೀರು ಲವಂಗ. ಚಕ್ಕೆ ಎಲೆಯನ್ನು ಆಗ ಉಜ್ಜಿ ಮೂಸಿದೆ, ಅದೂ ಲವಂಗ. ಹಲಸಿನ ಬುಡಕ್ಕೆ ಹೋದೆ. ಅಲ್ಲೂ ಅದೇ. ಹೂವು ಎಲ್ಲೂ ಇರಲಿಲ್ಲ. ಇಷ್ಟು ದಿನ ನನಗೊಬ್ಬಳಿಗೆ ಕಂಡದ್ದು ಈಗ ಯಾರಿಗೂ ಇಲ್ಲ. ಲವಂಗ ಅದನ್ನು ಮುಚ್ಚಿಕೊಂಡು ಮುಂದೆ ನಿಂತಿತ್ತು. ಮನೆ ಅವತ್ತು ಮೊದಲಿಗಿಂತ ಖಾಲಿ ಅನ್ನಿಸಿತು. ದೆವ್ವ ಹೋದ ಮೇಲೆ ಬೇಜಾರಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಪೊಡಿಮೆಣಿಕೆಯನ್ನು ಕೇಳಿದೆ: "ಕುರುಡಿಗೆ, ಕಿವುಡಿಗೆ ಎಲ್ಲಾ ಮುಖ ಇದೆಯಲ್ಲ, ಮೂಗು ಸತ್ತವನಿಗೆ ಯಾವ ಮುಖ?"

ಅವಳು ಒಂದೊಂದೇ ಮುಖವನ್ನು ಬೆರಳಲ್ಲಿ ಎಣಿಸಿದಳು. "ಇಲ್ಲ" ಎಂದಳು. "ಅದಕ್ಕೆ ಯಾರೂ ಕೆತ್ತಿಲ್ಲ." ರುದ್ರನಿಗೆ ಮೂಗಿಲ್ಲ ಎಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಮುದಲಾಳಿಗೆ ಹೇಳಿರಲಿಲ್ಲ.

ಹಲಸಿನ ಮರ

ರುದ್ರ ಆ ಸೀಸೆಯದನ್ನು ಮತ್ತೆ ಕಾಸ್ಟಿಕ್ಕಿಗೆ ಹಾಕಿದ. ಈ ಸಲ ಬೆಂಕಿ ಹೆಚ್ಚು, ಹೊತ್ತೂ ಹೆಚ್ಚು. ಸೌದೆ ಒಡ್ಡಿದವಳು ನಾನು. ಆರಿಸಿ, ಕರಗಿಸಿ, ಆಸಿಡ್ಡು ಸುರಿದು, ತಳಕ್ಕೆ ಇಳಿದ ಎಣ್ಣೆಯನ್ನು ಬಟ್ಟಿ ಇಳಿಸಿ ಬಟ್ಟೆಗೆ ಹಚ್ಚಿದ. ನಾನು ಹೊರಗೆ, ಹಲಸಿನ ಮರದ ಹತ್ತಿರ, ಗಾಳಿಗೆ ನಿಂತು ಮೂಸಿದೆ.

ಲವಂಗ ಇರಲಿಲ್ಲ. ಹುಡುಕಿದೆ. ಮೂಸಿ ಬಿಟ್ಟು, ಬೆವರು ಒರೆಸಿಕೊಂಡು, ಮತ್ತೆ ಮೂಸಿದೆ. ಇರಲಿಲ್ಲ. ಹೂವು ಒಂದೇ, ಯಾರ ಹಿಂದೆಯೂ ಅವಿತುಕೊಳ್ಳದೆ ನಿಂತಿತ್ತು.

ರುದ್ರ ನನ್ನ ಮುಖ ನೋಡುತ್ತಿದ್ದ. ಲವಂಗ ಇದೆ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಅವನು ಈ ಎಣ್ಣೆ ಕೊಡುತ್ತಿರಲಿಲ್ಲ, ಮುದಲಾಳಿ ಓಡಿಸುತ್ತಿದ್ದ, ತಮ್ಮ ನನ್ನ ಜೊತೆ ರೈಲು ಹತ್ತುತ್ತಿದ್ದ. ನಾನು ಬಂದ ಕೆಲಸ ಆಗುತ್ತಿತ್ತು. ಗಿರಿಜೆಯ ಮೇಲೆ ಚಕ್ಕೆ ಗಿಡ ಬರುತ್ತಿತ್ತು. ಇವೆಲ್ಲಾ ಆ ಹೊತ್ತಿನಲ್ಲಿ ನನ್ನ ತಲೆಗೆ ಬರಲಿಲ್ಲ ಎಂದು ಬರೆದರೆ ಸುಳ್ಳು. ಬಂದವು. ಆದರೆ ಚೆನ್ನಾಗಿರುವ ಸರಕನ್ನು ಕೆಟ್ಟದ್ದು ಎನ್ನುವುದಕ್ಕೆ ಅಂಗಡಿಯವಳ ನಾಲಗೆ ಹೊರಳುವುದಿಲ್ಲ.

"ಇಲ್ಲ ಕಣಪ್ಪ" ಎಂದೆ. "ಲವಂಗ ಇಲ್ಲ."

"ಹ್ಯಾಗದೆ? ಹೇಳಕ್ಕ, ಹ್ಯಾಗದೆ?"

ಹೂವಿನ ಹೆಸರೇ ಗೊತ್ತಿಲ್ಲದವಳು ಏನು ಹೇಳಲಿ. "ಲವಂಗಕ್ಕೆ ತಂಗಿ ಇದ್ದಂಗದೆ" ಎಂದೆ. "ಒಂದೇ ಹೊಟ್ಟೇಲಿ ಹುಟ್ಟಿದ್ದು. ಬುದ್ಧಿ ಬೇರೆ. ಜಗಳ ಆಡಲ್ಲ."

ಅವನು ದಿಬ್ಬದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಂದಿಷ್ಟು ಸುರಿದ. ಮಣ್ಣು ಅದನ್ನು ಕುಡಿಯಿತು. ಅಷ್ಟು ಬೇಗ ಕುಡಿದದ್ದನ್ನು ನಾನು ಯಾವ ಮಣ್ಣಿನಲ್ಲೂ ನೋಡಿಲ್ಲ.

ಮುದಲಾಳಿ ಬಂದ ದಿನ

ಮುದಲಾಳಿ ಬಿಳಿ ಕೋಟು ಹಾಕಿಕೊಂಡು, ತಲೆಗೆ ಆಮೆಚಿಪ್ಪಿನ ಬಾಚಣಿಗೆ ಸಿಕ್ಕಿಸಿಕೊಂಡು ಬಂದ. ಅಲ್ಲಿ ದೊಡ್ಡ ಗಂಡಸರು ಬಾಚಣಿಗೆ ಮುಡಿಯುತ್ತಾರೆ. ನಮ್ಮೂರಲ್ಲಿ ಮುಡಿದರೆ ಮಕ್ಕಳು ಹಿಂದೆ ಬೀಳುತ್ತವೆ. ಜೊತೆಗೆ ಸೋಪಿನ ಕಂಪನಿಯವನು. ಇಬ್ಬರೂ ಸೀಸೆ ಮೂಸಿ ತಲೆದೂಗಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಕಂಪನಿಯವನಿಗೆ ಆಟ ಬೇಕಿತ್ತು. ತನ್ನ ಜೇಬಿನಿಂದ ಬಿಳಿಯರ ಸೀಮೆಯಲ್ಲಿ ಮಾಡಿದ ಎಣ್ಣೆಯ ಸೀಸೆ ತೆಗೆದು ಒಂದು ಬಟ್ಟೆಗೆ ಅದನ್ನು, ಇನ್ನೊಂದಕ್ಕೆ ರುದ್ರನದನ್ನು ಹಚ್ಚಿದ. ಬೆನ್ನ ಹಿಂದೆ ಅದಲುಬದಲು ಮಾಡಿ, ಎರಡು ಕೈ ಚಾಚಿ, ನಿನ್ನದು ಯಾವುದು ಹೇಳು ಎಂದ.

ರುದ್ರ ಒಂದನ್ನು ಮೂಸಿದ. ಇನ್ನೊಂದನ್ನು ಮೂಸಿದ. ಹಣೆಯಲ್ಲಿ ಬೆವರು ಒಡೆಯಿತು. ಮುದಲಾಳಿಯ ನಗು ಸಣ್ಣಗಾಗುತ್ತಾ ಬಂತು.

ನಾನು ಟೀ ತಟ್ಟೆ ಹಿಡಿದು ನಡುವೆ ನುಗ್ಗಿದೆ. ಎರಡು ಬಟ್ಟೆಯ ಪಕ್ಕದಲ್ಲೇ ಹಾದೆ. ಕಂಪನಿಯವನ ಬಲಗೈಯದರಲ್ಲಿ ಲವಂಗದ ಒಂದು ಎಳೆ ಉಳಿದಿತ್ತು. ಅದು ಸೀಮೆಯದು.

"ಟೀ ತಗೊಳ್ಳಿ ಸ್ವಾಮಿ" ಎಂದು ತಮಿಳಿನಲ್ಲಿ ಬಗ್ಗಿ, ಅದೇ ರಾಗದಲ್ಲಿ ಕನ್ನಡದಲ್ಲಿ, "ಅವನ ಎಡಗೈದು ನಿಂದು ಕಣ್ಲಾ ಬೆಪ್ಪೆ, ಮೂಗು ಎಳ್ದು ಹೇಳು" ಎಂದೆ.

ರುದ್ರ ಎಡಗೈಯದನ್ನು ಇನ್ನೊಮ್ಮೆ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಜೋರಾಗಿ ಉಸಿರೆಳೆದು, ಇದು ಎಂದ. ಮುದಲಾಳಿ ಅವನ ಬೆನ್ನು ತಟ್ಟಿದ. ನಿನ್ನ ಅಕ್ಕ ಏನಂದಳು ಎಂದು ಕೇಳಿದ. ಸಕ್ಕರೆ ಎಷ್ಟು ಎಂದು ಕೇಳಿದಳು ಎಂದ ರುದ್ರ.

ಹಲಸಿನ ಮರ ಉಳಿಯಿತು. ಹೊಸ ಎಣ್ಣೆ ಆದಾಗಲೆಲ್ಲ ಪೊಡಿಮೆಣಿಕೆ ಮೂಸಿ ಹೇಳುವುದೆಂದು ಮಾತಾಯಿತು. ತಮ್ಮೇಗೌಡ ಬಂದ. ನನ್ನ ಪಕ್ಕದಲ್ಲಿ ಯಾರ ಗಂಟೂ ಇಲ್ಲದ್ದನ್ನು ನೋಡಿ, "ಬರಕ್ಕಿಲ್ವಂತಾ?" ಎಂದ.

"ಒಳಕ್ಕೆ ಸರಿದಿದ್ದು ಹೊರಕ್ಕೆ ಬರಲ್ಲವಂತೆ" ಎಂದೆ. ಗೌಡನಿಗೆ ಅರ್ಥವಾಗಲಿಲ್ಲ. ನನ್ನ ಗಂಟು ಎತ್ತಿಕೊಂಡ. ರೈಲು ಹೊರಟಾಗ ರುದ್ರ ಕೈ ಎತ್ತಿದ. ನೋಡುವವರಿಗೆ ಎಲ್ಲಾ ಹಾಗೇ ಇತ್ತು.

ಮತ್ತೆ ಹೊಳೆನರಸೀಪುರ

ಆಮೇಲೆ ಯುದ್ಧ ಬಂತು. ಕೊಲಂಬೋ ಮೇಲೆ ಬಾಂಬು ಬಿತ್ತು ಎಂದು ಜನ ಹೇಳಿದರು. ಗೌಡ ಆ ಕಡೆ ಹೋಗುವುದನ್ನು ಬಿಟ್ಟ. ರುದ್ರನಿಂದ ಸುದ್ದಿಯಿಲ್ಲ.

ಎಲೆಗೆ ಲವಂಗ ಚುಚ್ಚುವುದನ್ನು ನಾನು ಬಿಟ್ಟಿದ್ದೇನೆ. ಬಾಯಿ ನಾರಿದರೆ ಗಿರಾಕಿ ದೂರ ನಿಲ್ಲಲಿ. ಬಿಟ್ಟದ್ದಕ್ಕೆ ಕಾರಣವಿದೆ. ಬಂದ ಹೊಸದರಲ್ಲಿ ಹಳೆಯ ಅಭ್ಯಾಸದಂತೆ ಒಂದನ್ನು ದವಡೆಗೆ ಇಟ್ಟುಕೊಂಡು ಮಧ್ಯಾಹ್ನ ಹಿತ್ತಿಲಿಗೆ ಹೋದೆ. ಆ ಹೂವು ಅಲ್ಲಿ ಇತ್ತು. ಸೀರೆಯಲ್ಲಿ ಉಳಿದಿರಬೇಕು ಎಂದು ಸೀರೆ ಬದಲಾಯಿಸಿದೆ. ಇತ್ತು. ಪೆಟ್ಟಿಗೆ, ಪಾತ್ರೆ, ಚೀಲ ಎಲ್ಲವನ್ನೂ ಹೇಮಾವತಿಗೆ ಒಯ್ದು ತಿಕ್ಕಿ ತೊಳೆದೆ. ಇತ್ತು. ಲವಂಗ ಉಗಿದು ಬಾಯಿ ಮುಕ್ಕಳಿಸಿ ಹೊತ್ತು ಬಿಟ್ಟು ಹೋದರೆ ಇಲ್ಲ. ಸಗಣಿ, ಹುಲ್ಲು, ನಮ್ಮ ಹಿತ್ತಿಲು, ಅಷ್ಟೆ.

ನಾನು ನಂಬುವವಳಲ್ಲ. ಆದರೂ ಡಬ್ಬಿಯನ್ನು ಎಸೆದಿಲ್ಲ. ತಮ್ಮನ ಯೋಚನೆ ಹೆಚ್ಚಾದ ದಿನ ಅಂಗಡಿಗೆ ಓರಗಿತ್ತಿಯನ್ನು ಕೂರಿಸಿ, ಒಂದು ಲವಂಗ ಬಾಯಿಗೆ ಹಾಕಿ, ಅದು ನಾಲಗೆಯನ್ನು ಜೋಮು ಹಿಡಿಸುವವರೆಗೆ ಕಾದು, ಹಿತ್ತಿಲ ಬಾಗಿಲು ತೆಗೆಯುತ್ತೇನೆ. ಹೂವು ಬಂದರೆ ಅಲ್ಲಿ ಯಾರೋ ಇನ್ನೂ ಆ ಮಣ್ಣಿಗೆ ಸುರಿಯುತ್ತಿದ್ದಾರೆ ಎಂದು ನನ್ನ ಲೆಕ್ಕ.

ನಿನ್ನೆ ತೆಗೆದೆ. ಬಂತು. ಬಾಗಿಲು ಹಾಕಿಕೊಂಡು ಅಂಗಡಿಗೆ ಬಂದು ಕೂತೆ.